ಆಳೆತ್ತರದ ಪ್ಯಾನೆಲ್ ಸ್ಪೀಕರ್ ಮನೆಗೆ ತರಿಸಲೇ?

ಪ್ರಶ್ನೆ: ನಾನು ಮೈಸೂರಿನವನು, ಕೆಲಸದಿಂದ ನಿವೃತ್ತನಾಗಿದ್ದೇನೆ. ಮನೆಯ ಹಾಲ್ 18 ಅಡಿ ಉದ್ದ, 13 ಅಡಿ ಅಗಲ. ನೆಲಕ್ಕೆ ಟೈಲ್ಸ್. 15 ವರ್ಷದಿಂದ ನೆಲದ ಮೇಲೆ ನಿಲ್ಲುವ ಒಂದು ಜೊತೆ ಮಾಮೂಲಿ ಸ್ಪೀಕರ್ ಮತ್ತು 60 ವಾಟಿನ ಆಂಪ್ಲಿಫೈಯರ್ ಬಳಸುತ್ತಿದ್ದೇನೆ. ಕೇಳುವುದು ಹೆಚ್ಚಾಗಿ ವೀಣೆ, ಹಿಂದೂಸ್ತಾನಿ ಗಾಯನ, ಆಗೀಗ ಹಳೆಯ ಚಿತ್ರಗೀತೆ. ಈಚೆಗೆ ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ ಆಳೆತ್ತರದ ಎಲೆಕ್ಟ್ರೋಸ್ಟಾಟಿಕ್ ಪ್ಯಾನೆಲ್ ಕೇಳಿದೆ. ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಮೆರಿಕದಿಂದ ವಾಪಸ್ ಬರುತ್ತಿರುವ ಮಗ ತನ್ನ ಸಾಮಾನಿನ ಜೊತೆ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಪ್ಯಾನೆಲ್ ಜೋಡಿಯೊಂದನ್ನು ತರುತ್ತೇನೆ ಅನ್ನುತ್ತಿದ್ದಾನೆ. ತರಿಸಲೇ? ನನ್ನ ಆಂಪ್ ಸಾಕೇ? ಧೂಳು, ಮಳೆಗಾಲದ ತೇವ ತಡೆಯುತ್ತವೆಯೇ? ಮನೆಯಲ್ಲಿ 4 ವರ್ಷದ ಮೊಮ್ಮಗಳಿದ್ದಾಳೆ. ಅಷ್ಟೊಂದು ವೋಲ್ಟೇಜ್ ಇದ್ದರೆ ಅಪಾಯ ಅಲ್ವಾ?

ಉತ್ತರ: ತರಿಸಬಹುದು. ಆದರೆ ಮಗನಿಗೆ ಇವತ್ತೇ ಹೂಂ ಅನ್ನಬೇಡಿ.

ಆಂಪ್, ಧೂಳು, ವೋಲ್ಟೇಜ್ ಎಲ್ಲಕ್ಕೂ ದಾರಿ ಇದೆ. ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಆ ಪ್ಯಾನೆಲ್‌ಗಳ ಬೆನ್ನ ಹಿಂದೆ ನಾಲ್ಕಡಿ ಜಾಗ ಖಾಲಿ ಬಿಡಲು ನಿಮ್ಮ ಮನೆ ಒಪ್ಪುತ್ತದೆಯೇ? ನಾನು ಕಂಡ ಹಾಗೆ, ಆಸೆಪಟ್ಟು ಪ್ಯಾನೆಲ್ ತಂದು ಎರಡೇ ವರ್ಷಕ್ಕೆ ಮಾರಿದವರು ಎಡವಿದ್ದು ಇಲ್ಲೇ. ಸದ್ದು ಹಿಡಿಸದೆ ಮಾರಿದವರು ಕಡಿಮೆ. ಬೆಳಿಗ್ಗೆ ಗೋಡೆಗೆ ಒತ್ತರಿಸಿ, ಸಂಜೆ ಮುಂದಕ್ಕೆ ಎಳೆದು, ಕೊನೆಗೆ ಬೇಸತ್ತು ಮಾರಿದವರೇ ಜಾಸ್ತಿ.

ಇರಲಿ, ನಿಮ್ಮ ನಿದ್ದೆ ಕೆಡಿಸಿದ್ದು ಏನು ಅಂತ ಮೊದಲು ನೋಡೋಣ.

ಈಗ ನಿಮ್ಮ ಮನೆಯಲ್ಲಿರುವ ಸ್ಪೀಕರಿನಲ್ಲಿ ಕಾಗದದ್ದೋ ಪ್ಲಾಸ್ಟಿಕ್ಕಿನದ್ದೋ ಕೋನ್ ಇರುತ್ತದೆ. ಅದರ ಬುಡಕ್ಕೆ ತಂತಿಯ ಸುರುಳಿ, ಸುತ್ತ ಮ್ಯಾಗ್ನೆಟ್. ಸುರುಳಿ ಬುಡವನ್ನು ತಳ್ಳುತ್ತದೆ, ಅಂಚು ಅದರ ಹಿಂದೆ ಓಡಬೇಕು. ಬಿದಿರಿನ ಮೊರವನ್ನು ಒಂದು ತುದಿಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಇನ್ನೊಂದು ತುದಿ ಒಂದು ಚೂರು ತಡವಾಗಿ ಬಾಗುತ್ತದೆ. ಕೋನಿನಲ್ಲೂ ಅದೇ ಕಥೆ, ಸಣ್ಣ ಪ್ರಮಾಣದಲ್ಲಿ. ಜೊತೆಗೆ ಕೋನಿನ ಹಿಂಬದಿಯಿಂದ ಹೊರಟ ಸದ್ದು ಪೆಟ್ಟಿಗೆಯೊಳಗೆ ಸುತ್ತಾಡಿ, ಮರದ ಮೈಯನ್ನು ನಡುಗಿಸಿ, ಸ್ವಲ್ಪ ತಡವಾಗಿ ಹೊರಗೆ ಬರುತ್ತದೆ. ನಾವು ಹುಟ್ಟಿದಾಗಿನಿಂದ ಇದನ್ನೇ ಕೇಳಿಕೊಂಡು ಬಂದಿರುವುದರಿಂದ ಅದು ಪೆಟ್ಟಿಗೆಯ ಸದ್ದು ಅಂತ ಗೊತ್ತೇ ಆಗುವುದಿಲ್ಲ.

ಎಲೆಕ್ಟ್ರೋಸ್ಟಾಟಿಕ್ ಪ್ಯಾನೆಲ್‌ನಲ್ಲಿ ಕೋನೂ ಇಲ್ಲ, ಪೆಟ್ಟಿಗೆಯೂ ಇಲ್ಲ. ತೂತು ತೂತಾದ ಎರಡು ಲೋಹದ ತಗಡುಗಳು. ಅವುಗಳ ನಡುವೆ ಕೆಲವೇ ಮಿಲಿಮೀಟರ್ ಸಂದು. ಆ ಸಂದಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಪಾಲಿಯೆಸ್ಟರ್ ಹಾಳೆ. ಹಾಳೆಗೆ ಕೆಲವು ಸಾವಿರ ವೋಲ್ಟಿನ ಚಾರ್ಜ್ ಕೊಟ್ಟಿರುತ್ತಾರೆ. ಆಂಪಿನಿಂದ ಬಂದ ಸಿಗ್ನಲ್ ಒಂದು ಟ್ರಾನ್ಸ್‌ಫಾರ್ಮರ್ ಮೂಲಕ ಮೇಲೇರಿ ತಗಡುಗಳಿಗೆ ಹೋಗುತ್ತದೆ. ಒಂದು ತಗಡು ಹಾಳೆಯನ್ನು ಎಳೆಯುವಾಗ ಇನ್ನೊಂದು ತಳ್ಳುತ್ತದೆ. ಬುಡ, ತುದಿ ಅನ್ನುವ ಮಾತೇ ಇಲ್ಲ. ಇಡೀ ಮೈ ಮೇಲೆ ಒಂದೇ ಹೊತ್ತಿಗೆ ಬಲ ಬೀಳುತ್ತದೆ.

ಹಾಳೆ ಎಷ್ಟು ಹಗುರ ಗೊತ್ತೇ? 6 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ ಒಂದು ಚದರ ಮೀಟರಿಗೆ ಸುಮಾರು 8 ಗ್ರಾಂ ತೂಗುತ್ತದೆ. ಅಂದರೆ ಒಂದು ಸವರನ್ ಚಿನ್ನ. ಆ ಹಾಳೆಗೆ ತಾಗಿಕೊಂಡಿರುವ ಬರೀ 7 ಮಿಲಿಮೀಟರ್ ದಪ್ಪದ ಗಾಳಿಯ ತೂಕವೂ ಅಷ್ಟೇ. ಗಾಳಿಯನ್ನು ಅಲುಗಿಸುವ ವಸ್ತು ಹೆಚ್ಚುಕಡಿಮೆ ಗಾಳಿಯಷ್ಟೇ ಹಗುರ. ಹಾಗಾಗಿ ಅದು ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ.

ವೀಣೆ ಕೇಳುವವರಿಗೆ ಇದು ಮೊದಲ ಮೀಟಿನಲ್ಲೇ ತಿಳಿಯುತ್ತದೆ. ದೊರೆಸ್ವಾಮಿ ಅಯ್ಯಂಗಾರ್ ಅವರದೊಂದು ಒಳ್ಳೆಯ ಧ್ವನಿಮುದ್ರಣ ಹಾಕಿ. ಬೆರಳು ತಂತಿಗೆ ತಾಗುವ ಸಣ್ಣ ಸದ್ದು ಮೊದಲು. ಆಮೇಲೆ ನಾದ. ಆಮೇಲೆ ಎಡಗೈ ತಂತಿಯನ್ನು ಎಳೆದಂತೆ ಗಮಕ ತಿರುಗುವುದು. ಮಾಮೂಲಿ ಸ್ಪೀಕರಿನಲ್ಲಿ ಮೂರೂ ಒಂದೇ ಮುದ್ದೆಯಾಗಿ ಬರುತ್ತವೆ. ಪ್ಯಾನೆಲ್‌ನಲ್ಲಿ ಒಂದರ ಹಿಂದೆ ಒಂದು ಬಿಡಿಬಿಡಿಯಾಗಿ ಬರುತ್ತವೆ. ತಂಬೂರ ಇನ್ನೂ ಸ್ಪಷ್ಟ. ಗಾಯಕರ ಹಿಂದೆ ಒಂದು ಗುಂಯ್‌ಗುಡುವ ಪರದೆಯಂತೆ ಇದ್ದದ್ದು ನಾಲ್ಕು ಬೇರೆ ಬೇರೆ ತಂತಿಗಳಾಗುತ್ತದೆ. ಒಂದು ತಂತಿಯ ಶ್ರುತಿ ಕೂದಲೆಳೆಯಷ್ಟು ಇಳಿದಿದ್ದರೂ ಕೇಳುತ್ತದೆ. ಅದು ಸುಖವೋ ಕಷ್ಟವೋ, ಅವರವರ ಕಿವಿಗೆ ಬಿಟ್ಟದ್ದು.

ಕಷ್ಟದ ಕಡೆಯನ್ನೂ ಹೇಳಿಬಿಡುತ್ತೇನೆ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಹಳೆಯ ಕಛೇರಿಗಳು ನಿಮ್ಮಲ್ಲೂ ಇರುತ್ತವೆ ಅಂದುಕೊಂಡಿದ್ದೇನೆ. ಅವುಗಳ ಸುಯ್ ಅನ್ನುವ ಶಬ್ದ, ಮೈಕ್ ಮುಂದೆ ಯಾರೋ ಕೆಮ್ಮಿದ್ದು ಎಲ್ಲ ಎದ್ದು ಮುಂದೆ ಬಂದು ನಿಲ್ಲುತ್ತವೆ. ಪ್ಯಾನೆಲ್ ದಾಕ್ಷಿಣ್ಯ ತೋರಿಸುವುದಿಲ್ಲ.

ಇದು ಹೊಸ ಕಾಲದ ಆವಿಷ್ಕಾರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಈಗಿನ ಕೋನ್ ಸ್ಪೀಕರಿನ ಮೂಲ ರೂಪವನ್ನು 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಕೊಟ್ಟರು. ಅದೇ ಕೆಲ್ಲಾಗ್ 1934ರಲ್ಲಿ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರಿಗೂ ಪೇಟೆಂಟ್ ಪಡೆದರು. ಆದರೆ ತಕ್ಕ ಹಾಳೆ ಸಿಗಲಿಲ್ಲ. ಗಟ್ಟಿಯಾದ, ತೆಳುವಾದ ಪಾಲಿಯೆಸ್ಟರ್ ಹಾಳೆ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಅದು ಬಂದ ಮೇಲೆ 1957ರಲ್ಲಿ ಇಂಗ್ಲೆಂಡಿನ ಹಂಟಿಂಗ್ಡನ್ ಊರಿನ ಪೀಟರ್ ವಾಕರ್ ಕ್ವಾಡ್ ಹೆಸರಿನಲ್ಲಿ ಪೂರ್ತಿ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರನ್ನು ಮಾರಾಟಕ್ಕೆ ಬಿಟ್ಟರು. ನೋಡಲು ಚಳಿ ದೇಶದ ರೂಮ್ ಹೀಟರ್ ಥರ. ಅದರ ತಮ್ಮ ಇಎಸ್ಎಲ್ 63. ಕೆಲಸ ಶುರುವಾದದ್ದು 1963ರಲ್ಲಿ ಅಂತ ಆ ಹೆಸರು. ಅಂಗಡಿಗೆ ಬಂದದ್ದು 1981ರಲ್ಲಿ! ನಮ್ಮ ಸರ್ಕಾರಿ ಕಾಮಗಾರಿಗಳೇ ಪರವಾಗಿಲ್ಲ ಅನ್ನಿಸುತ್ತದೆ.

ನಿಮ್ಮ ಮಗ ತರಬೇಕೆಂದಿರುವ ಹೈಬ್ರಿಡ್ ಬೇರೆ ಜಾತಿ. ಅಮೆರಿಕದ ಮಾರ್ಟಿನ್‌ಲೋಗನ್ ಕಂಪನಿ ಇಂಥವಕ್ಕೆ ಹೆಸರುವಾಸಿ. ಮೇಲೆ ಕಿರಿದಾದ, ಎತ್ತರದ, ಸ್ವಲ್ಪ ಬಾಗಿದ ಪ್ಯಾನೆಲ್. ಕೆಳಗೆ ಮಾಮೂಲಿ ವೂಫರ್, ಅಂದರೆ ತಗ್ಗಿನ ಸ್ವರಗಳಿಗಾಗಿ ದೊಡ್ಡ ಕೋನ್, ಇರುವ ಪೆಟ್ಟಿಗೆ. ಗೆಳೆಯರ ಮನೆಯಲ್ಲಿ ನೀವು ಕೇಳಿದ್ದು ಪೂರ್ತಿ ಪ್ಯಾನೆಲ್ ಆಗಿದ್ದರೆ ಹೈಬ್ರಿಡ್ ಅದೇ ಥರ ಕೇಳುವುದಿಲ್ಲ. ಮೊದಲು ಅವರಿಗೆ ಫೋನ್ ಮಾಡಿ ಯಾವುದು ಅಂತ ಖಚಿತ ಮಾಡಿಕೊಳ್ಳಿ.

ಈಗ ಆ ನಾಲ್ಕಡಿಯ ವಿಷಯ.

ಪೆಟ್ಟಿಗೆ ಇಲ್ಲದ್ದರಿಂದ ಪ್ಯಾನೆಲ್ ಮುಂದಕ್ಕೆ ಎಷ್ಟು ಸದ್ದು ಕೊಡುತ್ತದೋ ಹಿಂದಕ್ಕೂ ಅಷ್ಟೇ ಕೊಡುತ್ತದೆ. ಮುಂದಿನದು ತಳ್ಳುವಾಗ ಹಿಂದಿನದು ಎಳೆಯುತ್ತಿರುತ್ತದೆ. ಹಿಂದಿನ ಸದ್ದು ಗೋಡೆಗೆ ಬಡಿದು ನಿಮ್ಮ ಕಡೆ ವಾಪಸ್ ಬರುತ್ತದೆ. ಗೋಡೆಗೂ ಪ್ಯಾನೆಲ್‌ಗೂ ನಾಲ್ಕಡಿ ಇದ್ದರೆ ಅದು ಸುಮಾರು 7 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟು ತಡವಾದರೆ ಕಿವಿ ಅದನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಗಾಯಕರ ಹಿಂದೆ ಒಂದಿಷ್ಟು ಜಾಗ ಇದ್ದಂತೆ, ಕಛೇರಿ ಹಾಲ್ ಇದ್ದಂತೆ ಕೇಳುತ್ತದೆ. ನೀವು ಮೆಚ್ಚಿದ ಆಳ ಅದೇ. ಗೋಡೆಗೆ ಒಂದೇ ಅಡಿ ದೂರದಲ್ಲಿಟ್ಟರೆ ಎರಡು ಮಿಲಿಸೆಕೆಂಡಿನ ಒಳಗೆ ಬಂದುಬಿಡುತ್ತದೆ. ಆಗ ಎರಡೂ ಬೆರೆತು ಕೆಲವು ಸ್ವರಗಳು ಒಂದನ್ನೊಂದು ನುಂಗುತ್ತವೆ. ಒಂದಡಿ ದೂರಕ್ಕೆ ಲೆಕ್ಕ ಹಾಕಿದರೆ ಹಾಗೆ ಸದ್ದು ಅಳಿದು ಮೊದಲ ಗುಂಡಿ ಬೀಳುವುದು 560 ಹರ್ಟ್ಜ್ ಆಸುಪಾಸು. ಗಂಗೂಬಾಯಿ ಹಾನಗಲ್ ಅವರಂಥ ತಗ್ಗಿದ ಕಂಠ ಬಿಟ್ಟರೆ ಹೆಣ್ಣುದನಿಗಳ ತಾರಸ್ಥಾಯಿ ಓಡಾಡುವ ಜಾಗ ಅದು. ಲಕ್ಷ ಲಕ್ಷ ಕೊಟ್ಟು ತಂದ ಸ್ಪೀಕರ್ ಮೂಗಿನಲ್ಲಿ ಹಾಡುತ್ತದೆ ಅಂತ ಜನ ದೂರುವುದು ಇದರಿಂದ.

ಹಿಂದಿನ ಗೋಡೆಗೆ ದಪ್ಪ ಪರದೆ ಹಾಕಿದರೆ ಆಗದೇ ಅಂತ ಕೇಳುತ್ತಾರೆ. ಪರದೆ ಮೇಲಿನ ಸ್ವರಗಳನ್ನು ಮಾತ್ರ ಹೀರುತ್ತದೆ. ಮಧ್ಯದ್ದು ಹಾಗೇ ಉಳಿಯುತ್ತದೆ, ಮೇಲಿನ ಹೊಳಪು ಹೋಗುತ್ತದೆ. ಅದಕ್ಕಿಂತ ಏರುಪೇರಾಗಿ ಪುಸ್ತಕ ಜೋಡಿಸಿದ ಕಪಾಟು ಒಳ್ಳೆಯದು. ಸದ್ದನ್ನು ಚದುರಿಸುತ್ತದೆ. ಗಾಜಿನ ಬಾಗಿಲಿನ ಶೋಕೇಸ್ ಮಾತ್ರ ಅಲ್ಲಿ ಬೇಡ.

ನಿಮ್ಮ ಟೈಲ್ಸ್ ನೆಲದ ಬಗ್ಗೆ ಒಂದು ಸಮಾಧಾನದ ಮಾತು. ನಮ್ಮ ಹಾಲ್‌ಗಳು ಬೋಳು ಗೋಡೆ, ಗಟ್ಟಿ ನೆಲ, ಕಾಂಕ್ರೀಟ್ ಸೂರು. ಮಾಮೂಲಿ ಸ್ಪೀಕರ್ ಸದ್ದನ್ನು ಎಲ್ಲ ಕಡೆಗೂ ಎರಚುತ್ತದೆ, ಕೋಣೆ ಅದನ್ನು ತಿರುಗಿಸಿ ಎಸೆಯುತ್ತದೆ. ಪ್ಯಾನೆಲ್ ಪಕ್ಕಕ್ಕೆ ಬಹಳ ಕಡಿಮೆ ಸದ್ದು ಕೊಡುತ್ತದೆ. ಮುಂದಿನದೂ ಹಿಂದಿನದೂ ಪಕ್ಕದಲ್ಲಿ ಭೇಟಿಯಾಗಿ ಒಂದನ್ನೊಂದು ಕಳೆದುಕೊಳ್ಳುತ್ತವೆ. ಎತ್ತರದ ಪ್ಯಾನೆಲ್ ನೆಲಕ್ಕೂ ಸೂರಿಗೂ ಕಡಿಮೆ ಎಸೆಯುತ್ತದೆ. ಹಾಗಾಗಿ ಪ್ಯಾನೆಲ್ ನಮ್ಮ ಮನೆಗಳಿಗೆ ಒಗ್ಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜಾಗ ಕೊಟ್ಟರೆ ಕಾರ್ಪೆಟ್ ಹಾಸಿದ ಮನೆಗಿಂತ ನಮ್ಮ ಮನೆಯಲ್ಲೇ ಇದರ ಲಾಭ ಜಾಸ್ತಿ. ನಿಮ್ಮ ಮುಂದೆ ಒಂದು ಜಮಖಾನ ಹಾಸಿದರೆ ಸಾಕು.

ನಿಮ್ಮ ಹಾಲಿನ ಲೆಕ್ಕ ಹೀಗೆ. 13 ಅಡಿಯ ಗೋಡೆಯ ಕಡೆ ಪ್ಯಾನೆಲ್ ಇಡಿ. ಗೋಡೆಯಿಂದ 4 ಅಡಿ ಮುಂದೆ, ಒಂದಕ್ಕೊಂದು 7 ಅಡಿ ದೂರ. ನಿಮ್ಮ ಕುರ್ಚಿ ಅಲ್ಲಿಂದ 9 ಅಡಿ. ತಲೆಯ ಹಿಂದೆ ಇನ್ನೂ 5 ಅಡಿ ಉಳಿಯುತ್ತದೆ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಉದ್ದ ಗೋಡೆಯ ಕಡೆ ಇಟ್ಟರೆ ನಿಮ್ಮ ತಲೆ ಹಿಂದಿನ ಗೋಡೆಗೆ ಅಂಟುತ್ತದೆ, ಅದು ಬೇಡ.

ಕಾಗದದ ಮೇಲೆ ಚೆನ್ನಾಗಿರುವುದು ಮನೆಯಲ್ಲಿ ನಡೆಯಬೇಕಲ್ಲ. ಅದಕ್ಕೇ ಮೊದಲು ಹದಿನೈದು ದಿನದ ಒಂದು ಕೆಲಸ ಮಾಡಿ. ಅಂಗಡಿಯಿಂದ ಥರ್ಮಾಕೋಲ್ ಹಾಳೆ ತನ್ನಿ. 5 ಅಡಿ ಎತ್ತರ, ಒಂದಡಿ ಅಗಲದ ಎರಡು ತುಂಡು ಮಾಡಿ. ನಾನು ಹೇಳಿದ ಜಾಗದಲ್ಲಿ ಯಾವುದಾದರೂ ಸ್ಟೂಲಿಗೆ ಕಟ್ಟಿ ನಿಲ್ಲಿಸಿ. ನಿಮ್ಮ ಈಗಿನ ಸ್ಪೀಕರನ್ನೂ ಅಲ್ಲಿಗೇ ಎಳೆದು ಪಕ್ಕದಲ್ಲಿಡಿ. ಈಗ ಎಂದಿನಂತೆ ಬದುಕಿ. ಕಸ ಗುಡಿಸುವವರು ಬರಲಿ. ನೆಂಟರು ಬರಲಿ. ಮೊಮ್ಮಗಳು ಸೈಕಲ್ ಹೊಡೆಯಲಿ. ದೇವರ ಮನೆಗೆ, ಬಾಲ್ಕನಿಗೆ ಹೋಗುವ ದಾರಿ ಅದೇ ಆಗಿದ್ದರೆ ಎಷ್ಟು ಸಲ ಮೈ ತಾಗುತ್ತದೆ ನೋಡಿ. ಥರ್ಮಾಕೋಲ್ ಬಿದ್ದರೆ ಯಾರಿಗೂ ನಷ್ಟವಿಲ್ಲ. ಹದಿನೈದನೇ ದಿನ ಅದು ಅಲ್ಲೇ ನಿಂತಿದ್ದರೆ, ನಿಮ್ಮ ಮನೆಯವರು "ಇರಲಿ ಬಿಡಿ" ಅಂದರೆ ಮುಂದುವರಿಯಿರಿ. ಮೂರನೇ ದಿನಕ್ಕೇ ಅದು ಮಂಚದ ಕೆಳಗೆ ಸೇರಿದ್ದರೆ ನಿಮಗೆ ಉತ್ತರ ಸಿಕ್ಕಿತು. ಆಗ ಒಂದು ಒಳ್ಳೆಯ ಸಣ್ಣ ಬಾಕ್ಸ್ ಸ್ಪೀಕರ್ ಕೊಳ್ಳುವುದೇ ಜಾಣತನ.

ಇದರಲ್ಲಿ ಇನ್ನೊಂದು ಲಾಭ. ಹಳೆಯ ಸ್ಪೀಕರನ್ನೇ ನಾಲ್ಕಡಿ ಮುಂದೆ ಎಳೆದಾಗ ಅದೂ ಮೊದಲಿಗಿಂತ ಎಷ್ಟೋ ಚೆನ್ನಾಗಿ ಕೇಳುತ್ತದೆ. ಒಬ್ಬರು ಹೀಗೆ ಮಾಡಿ "ಇಷ್ಟೇ ಸಾಕು" ಅಂತ ಪ್ಯಾನೆಲ್ ಆಸೆಯನ್ನೇ ಬಿಟ್ಟರು.

ಕೂರುವ ಜಾಗದ ವಿಷಯವೂ ಇದೆ. ಮೇಲಿನ ಸ್ವರಗಳ ಅಲೆ ಬಹಳ ಚಿಕ್ಕದು. 10,000 ಹರ್ಟ್ಜ್‌ನಲ್ಲಿ ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ. ಅಷ್ಟು ಚಿಕ್ಕ ಅಲೆ ಅಷ್ಟು ಅಗಲದ ಹಾಳೆಯಿಂದ ಹೊರಟರೆ ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಪ್ಯಾನೆಲ್ ಬಾಗಿಸಿರುವುದು ಅದನ್ನು ಸ್ವಲ್ಪ ಹರಡಲಿಕ್ಕೆ. ಆದರೂ ಎಲ್ಲ ಸರಿಯಾಗಿ ಕೂರುವುದು ಒಂದು ಕುರ್ಚಿಗೆ ಮಾತ್ರ. ಪಕ್ಕದ ಸೋಫಾದಲ್ಲಿ ಕೂತವರಿಗೆ ಹಾಡು ಕೇಳುತ್ತದೆ, ಆದರೆ ಗಾಯಕರು ನಡುವೆ ಕೂರುವುದಿಲ್ಲ. ಗಂಡ ಹೆಂಡತಿ ಒಟ್ಟಿಗೆ ಕೂತು ಕೇಳುವ ಮನೆಯಾದರೆ ಯೋಚಿಸಿ. ದಿನ ಬಿಟ್ಟು ದಿನ ಕುರ್ಚಿ ಹಂಚಿಕೊಂಡ ದಂಪತಿಯೂ ನನಗೆ ಗೊತ್ತು!

ಬಾಗಿದ ಪ್ಯಾನೆಲ್ ಎಷ್ಟು ಒಳಕ್ಕೆ ತಿರುಗಿಸಬೇಕು ಅನ್ನಲು ಒಂದು ಸುಲಭ ಉಪಾಯ ಉಂಟು. ರಾತ್ರಿ ದೀಪ ಆರಿಸಿ ನಿಮ್ಮ ಕುರ್ಚಿಯಲ್ಲಿ ಕೂರಿ. ಟಾರ್ಚನ್ನು ಗದ್ದದ ಕೆಳಗೆ ಹಿಡಿದು ಪ್ಯಾನೆಲ್ ಕಡೆ ಬೆಳಕು ಬಿಡಿ. ತಗಡಿನ ಮೇಲೆ ಬೆಳಕಿನ ಚುಕ್ಕೆ ಕಾಣುತ್ತದೆ. ಪ್ಯಾನೆಲ್ ಅಗಲವನ್ನು ಮೂರು ಪಾಲು ಮಾಡಿದರೆ ಒಳಗಿನ ಪಾಲಿನಲ್ಲಿ ಆ ಚುಕ್ಕೆ ಕೂರಬೇಕು. ಎರಡೂ ಕಡೆ ಒಂದೇ ಥರ ಕೂತರೆ ಅರ್ಧ ಕೆಲಸ ಮುಗಿಯಿತು.

ಹೈಬ್ರಿಡ್‌ನ ಬಲಹೀನ ಜಾಗ ಅದರ ಬೆಸುಗೆ. ಸಾಮಾನ್ಯವಾಗಿ 300ರಿಂದ 500 ಹರ್ಟ್ಜ್ ನಡುವೆ ಎಲ್ಲೋ ವೂಫರ್ ಕೈಯಿಂದ ಪ್ಯಾನೆಲ್ ಕೈಗೆ ಹಾಡು ದಾಟುತ್ತದೆ. ಎರಡೂ ಸದ್ದು ಹರಡುವ ರೀತಿ ಬೇರೆ. ಎತ್ತರದ ಪ್ಯಾನೆಲ್ ಹತ್ತಿರದಲ್ಲಿ ಒಂದು ಗೆರೆಯಂತೆ ವರ್ತಿಸುತ್ತದೆ. ದೂರ ಎರಡು ಪಟ್ಟಾದರೆ ಸುಮಾರು 3 ಡೆಸಿಬಲ್ ಇಳಿಯುತ್ತದೆ. ವೂಫರ್ ಚುಕ್ಕೆಯಂತೆ, ಬಯಲಿನಲ್ಲಿ 6 ಡೆಸಿಬಲ್ ಇಳಿಯುತ್ತದೆ. ಮನೆಯೊಳಗೆ ಗೋಡೆಗಳು ವೂಫರ್‌ಗೆ ಬೆಂಬಲ ಕೊಡುವುದರಿಂದ ಅಷ್ಟು ಇಳಿಯುವುದಿಲ್ಲ, ಆದರೂ ಕುರ್ಚಿ ಹಿಂದೆ ಮುಂದೆ ಮಾಡಿದಾಗ ಇವೆರಡರ ಹದ ಬದಲಾಗುತ್ತದೆ.

ಇದನ್ನು ಪರೀಕ್ಷಿಸಲು ಮೃದಂಗಕ್ಕಿಂತ ಒಳ್ಳೆಯ ವಾದ್ಯ ಇಲ್ಲ. ಬಲಗಡೆಯ ಚಾಪು ಪ್ಯಾನೆಲ್‌ನಿಂದ ಬರುತ್ತದೆ, ಎಡಗಡೆಯ ತೊಪ್ಪಿಯ ಗುಂಕಿ ವೂಫರ್‌ನಿಂದ. ಮೃದಂಗ ಒಂಟಿಯಾಗಿ ನುಡಿಯುವ ತನಿ ಆವರ್ತನ ಹಾಕಿ ಕಣ್ಣು ಮುಚ್ಚಿ. ಒಬ್ಬರೇ ವಿದ್ವಾಂಸರು ಒಂದೇ ವಾದ್ಯ ನುಡಿಸುತ್ತಿದ್ದಾರೆ ಅನ್ನಿಸಿದರೆ ಬೆಸುಗೆ ಚೆನ್ನಾಗಿದೆ. ಮೇಲೊಬ್ಬರು, ಕೆಳಗೊಬ್ಬರು ಕೂತಂತೆ ಕೇಳಿದರೆ ಕುರ್ಚಿಯನ್ನು ಅರ್ಧ ಅಡಿ ಹಿಂದೆ ಮುಂದೆ ಮಾಡಿ. ವೂಫರ್ ಮಟ್ಟದ ತಿರುಪು ಇದ್ದರೆ ಸ್ವಲ್ಪ ತಗ್ಗಿಸಿ. ಆಗಲೂ ಕೂಡಿ ಬರದಿದ್ದರೆ ಆ ಮಾಡೆಲ್ ಬೇಡ. ಪೂರ್ತಿ ಪ್ಯಾನೆಲ್‌ನಲ್ಲಿ ಈ ರಗಳೆ ಇಲ್ಲ. ಆದರೆ ತಗ್ಗಿನ ಸ್ವರಗಳಿಗೆ ಹಿಂದಿನ ಅಲೆ ಸುತ್ತಿಕೊಂಡು ಬಂದು ಮುಂದಿನದನ್ನು ಅಳಿಸುತ್ತದೆ. ಅದನ್ನು ತಡೆಯಲು ಪ್ಯಾನೆಲ್ ನಿಜವಾಗಿಯೂ ಬಾಗಿಲಿನಷ್ಟು ಅಗಲ ಬೇಕು.

ಆಂಪಿನ ಬಗ್ಗೆ. ವಾಟ್ ನೋಡಬೇಡಿ. 60 ವಾಟ್ ನಿಮ್ಮ ಹಾಲಿಗೆ ಸಾಕು. 1957ರ ಕ್ವಾಡ್ ಸ್ಪೀಕರನ್ನು ಅದೇ ಕಂಪನಿಯ 15 ವಾಟಿನ ವಾಲ್ವ್ (ಗಾಜಿನ ಟ್ಯೂಬಿನ) ಆಂಪಿನಲ್ಲಿ ಕೇಳುತ್ತಿದ್ದರು. ತೊಡಕು ಬೇರೆ ಕಡೆ ಇದೆ. ಪ್ಯಾನೆಲ್ ಅಂದರೆ ಆಂಪಿನ ಕಣ್ಣಿಗೆ ಒಂದು ದೊಡ್ಡ ಕೆಪಾಸಿಟರ್. ಸ್ವರ ಮೇಲೇರಿದಂತೆ ಅದರ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ತಡೆ ಇಳಿದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕು. ಹಲವು ಹೈಬ್ರಿಡ್‌ಗಳಲ್ಲಿ 20,000 ಹರ್ಟ್ಜ್ ಹತ್ತಿರ ಅದು ಒಂದು ಓಮ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸಂಗೀತದಲ್ಲಿ ಅಷ್ಟು ಮೇಲೆ ಶಕ್ತಿ ಕಡಿಮೆ ಇರುವುದರಿಂದ ಆಂಪ್ ಬದುಕಿಕೊಳ್ಳುತ್ತದೆ, ಇಲ್ಲದಿದ್ದರೆ ಹೊಗೆಯೇ.

ನಿಮ್ಮ ಆಂಪಿನ ಪುಸ್ತಕ ತೆಗೆದು ನೋಡಿ. 8 ಓಮ್‌ಗೆ 60 ವಾಟ್, 4 ಓಮ್‌ಗೆ 100 ವಾಟ್ ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದಿದ್ದರೆ ಧೈರ್ಯವಾಗಿ ಜೋಡಿಸಬಹುದು. 4 ಓಮ್ ಪ್ರಸ್ತಾಪವೇ ಇಲ್ಲ, ಅಥವಾ ಎರಡಕ್ಕೂ ಹೆಚ್ಚುಕಡಿಮೆ ಒಂದೇ ವಾಟ್ ಅಂತಿದ್ದರೆ ಅದು ಏದುಸಿರು ಬಿಡುತ್ತದೆ. ವಾಲ್ವ್ ಆಂಪ್ ಆದರೆ ಇನ್ನೊಂದು ಲೆಕ್ಕ. ಆಂಪಿನ ಒಳಗಿನ ತಡೆ ಒಂದು ಓಮ್, ಪ್ಯಾನೆಲ್ ಕೂಡ ಒಂದು ಓಮ್ ಆಗಿದ್ದರೆ ವೋಲ್ಟೇಜಿನ ಒಳ್ಳೆಯ ಪಾಲು ಆಂಪಿನಲ್ಲೇ ಉಳಿಯುತ್ತದೆ. ಅಂದರೆ ತುತ್ತತುದಿಯ ಸ್ವರಗಳು 3ರಿಂದ 6 ಡೆಸಿಬಲ್ ಕಡಿಮೆ. ನಮ್ಮ ವಯಸ್ಸಿನವರಿಗೆ 20,000 ಹರ್ಟ್ಜ್ ಕೇಳುವುದೇ ಇಲ್ಲ, ಆ ಮಾತು ಬೇರೆ. ಸ್ಪೀಕರ್ ತಂತಿ ದಪ್ಪ ಇರಲಿ, ಚಿಕ್ಕದಿರಲಿ. ಚಿನ್ನದ ಬೆಲೆಯ ತಂತಿ ಬೇಡ.

ಮೊಮ್ಮಗಳ ವಿಷಯ. ಹಾಳೆಗೆ ಸಾವಿರಾರು ವೋಲ್ಟ್ ಇದ್ದರೂ ಅದು ಕೊಡಬಲ್ಲ ಕರೆಂಟ್ ತೀರಾ ಅತ್ಯಲ್ಪ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ಗಾಜಿನ ಹತ್ತಿರ ಕೈ ಇಟ್ಟರೆ ರೋಮ ನಿಲ್ಲುತ್ತಿತ್ತಲ್ಲ, ಆ ಕುಟುಂಬದ್ದು. ಸುಸ್ಥಿತಿಯಲ್ಲಿರುವ ಈಗಿನ ಪ್ಯಾನೆಲ್‌ಗಳಲ್ಲಿ ಹೊರಗಿನ ತಗಡಿಗೆ ಇನ್ಸುಲೇಶನ್ ಲೇಪ ಇರುತ್ತದೆ. ಮಗು ಮುಟ್ಟಿದರೆ ಹೆದರಬೇಕಿಲ್ಲ. ಹೆದರಬೇಕಾದ್ದು ತೂತಿನೊಳಗೆ ಕಡ್ಡಿ, ಹೇರ್‌ಪಿನ್ ತೂರಿಸುವುದಕ್ಕೆ. ಹಾಳೆ ಹರಿದರೆ ಹೋಯಿತು. ಪೆಟ್ಟಿಗೆಯ ಒಳಗಿನ ಟ್ರಾನ್ಸ್‌ಫಾರ್ಮರ್ ಕತೆ ಬೇರೆ. ಅಲ್ಲಿ ಆಂಪಿನ ಶಕ್ತಿಯೇ ಸಾವಿರಾರು ವೋಲ್ಟಾಗಿ ನಿಂತಿರುತ್ತದೆ, ನಿಜಕ್ಕೂ ಅಪಾಯ. ಹಿಂದಿನ ಮುಚ್ಚಳವನ್ನು ನೀವಾಗಲಿ ಬೀದಿಯ ಟಿವಿ ರಿಪೇರಿಯವರಾಗಲಿ ಬಿಚ್ಚುವುದು ಬೇಡ. ಇನ್ನು ಬೆಕ್ಕು ಸಾಕಿದ್ದರೆ ಮಗುವಿಗಿಂತ ಅದರ ಉಗುರಿಗೆ ಹೆದರಿ.

ಧೂಳು. ಟಿವಿ ಗಾಜು ಧೂಳು ಎಳೆದ ಹಾಗೇ ಇದೂ ಎಳೆಯುತ್ತದೆ. ಸ್ಪೀಕರಿನ ಪ್ಲಗ್ ಕಿತ್ತು ರಾತ್ರಿ ಹಾಗೇ ಬಿಡಿ. ಚಾರ್ಜ್ ಇಳಿಯಲು ಹೊತ್ತು ಬೇಕು. ಬೆಳಿಗ್ಗೆ ವ್ಯಾಕ್ಯೂಮ್ ಕ್ಲೀನರಿಗೆ ಮೆತ್ತನೆ ಬ್ರಷ್ ಹಾಕಿ ಮುಂದೆ ಹಿಂದೆ ಎಳೆಯಿರಿ. ತಿಂಗಳಿಗೊಮ್ಮೆ ಸಾಕು. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಪ್ಯಾನೆಲ್ ಬಿಚ್ಚಿ ಬಚ್ಚಲಿಗೆ ಒಯ್ದು ನೀರು ಹುಯ್ದು ತೊಳೆಯುವ ಧೀರರೂ ಇದ್ದಾರೆ. ಅದರಿಂದ ಸದ್ದು ಮರಳಿದ್ದೂ ಉಂಟಂತೆ. ನನಗೆ ಅಷ್ಟು ಎದೆಗಾರಿಕೆ ಇಲ್ಲ.

ತೇವದ ಬಗ್ಗೆ ಮೈಸೂರಿನವರು ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕರಾವಳಿಯವರು ಕೆಡಿಸಿಕೊಳ್ಳಬೇಕು. ಉಡುಪಿಯ ಗೆಳೆಯರೊಬ್ಬರ ಮನೆಯಲ್ಲಿ ಒಂದು ಜುಲೈ ಸಂಜೆ ನಾನೇ ಕೂತಿದ್ದೆ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಹಾಡು ಶುರುವಾಗುವ ಮೊದಲೇ ಎಡಗಡೆ ಪ್ಯಾನೆಲ್‌ನಿಂದ ಸಣ್ಣಗೆ ಸುಯ್ ಅನ್ನುವ ಸದ್ದು. ನಡುನಡುವೆ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟ್ ಚಟ್. ಹಾಡು ಬಂತು, ಆದರೆ ಎಡಗಡೆ ಸೊರಗಿತ್ತು. ಗಾಯಕರು ಪೂರ್ತಿ ಬಲಕ್ಕೆ ಸರಿದುಬಿಟ್ಟಿದ್ದರು. ತೇವ ಗಾಳಿ ಮತ್ತು ಅಂಚಿಗೆ ಕೂತ ಧೂಳು ಸೇರಿ ಚಾರ್ಜ್ ಸೋರುತ್ತಿತ್ತು. ಏಸಿಯನ್ನು ಡ್ರೈ ಮೋಡಿಗೆ ಹಾಕಿ ಎರಡು ಗಂಟೆ ಬಿಟ್ಟೆವು. ಊಟ ಮುಗಿಸಿ ಬರುವಷ್ಟರಲ್ಲಿ ಎಡಗಡೆ ಅರ್ಧಕ್ಕಿಂತ ಜಾಸ್ತಿ ಸರಿಹೋಗಿತ್ತು. ನಿಮ್ಮಲ್ಲಿ ಇಷ್ಟಾಗುವುದಿಲ್ಲ. ಆದರೂ ಕಿಟಕಿಯಿಂದ ಎರಚಲು ಬೀಳದ ಜಾಗ ನೋಡಿ. ಸ್ಪೀಕರ್ ಪ್ಲಗ್‌ನಲ್ಲೇ ಇರಲಿ, ಚಾರ್ಜಿಗೆ ಎಳೆಯುವುದು ಕೆಲವೇ ವಾಟ್.

ಕೊನೆಗೆ ಮಗನಿಗೆ ಹೇಳಬೇಕಾದ್ದು. ಅಮೆರಿಕದ ಜೋಡಿ 120 ವೋಲ್ಟಿನದು. ಇಲ್ಲಿ 230. ನಾನು ಮೊದಲ ಸಲ ಕೊಂಡಾಗ ಮಾರಿದವರು "ಯಾವ ವೋಲ್ಟಿಗಾದರೂ ಹೊಂದಿಕೊಳ್ಳುತ್ತದೆ" ಅಂದರು. ಸುಮ್ನೆ ನಂಬಿದೆ. ಚುಚ್ಚಿದ ಹತ್ತು ಸೆಕೆಂಡಿಗೆ ಸುಟ್ಟ ವಾರ್ನಿಷ್ ವಾಸನೆ ಬಂತು. ಎರಡನ್ನೂ ಒಟ್ಟಿಗೆ ಚುಚ್ಚಿದ್ದೆ, ಎರಡೂ ಹೋದವು. ಚಾರ್ಜ್ ಕೊಡುವ ಬೋರ್ಡ್ ತರಿಸಲು ಐದು ತಿಂಗಳು ಕಾದೆ. ಆದ್ದರಿಂದ ಹಿಂಬದಿಯ ಚೀಟಿಯಲ್ಲಿ ಏನು ಬರೆದಿದೆ ಅಂತ ಫೋಟೋ ತರಿಸಿಕೊಳ್ಳಿ. 120 ಮಾತ್ರ ಇದ್ದರೆ 230ರಿಂದ 120ಕ್ಕೆ ಇಳಿಸುವ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಬೇಕು. ವೂಫರ್‌ಗೆ ಒಳಗೇ ಆಂಪ್ ಇರುವ ಮಾಡೆಲ್ ಆದರೆ ದೊಡ್ಡದೇ ಬೇಕು, ಕೆಲವು ವಾಟಿನದು ಸಾಲದು.

ಕೊಳ್ಳುವ ಮೊದಲು ಮಗ ಅಲ್ಲಿ ಹೋಗಿ ಕೇಳಲಿ. ಹಿಂದಿನ ದಿನವೇ ಪ್ಲಗ್ ಹಾಕಿಡಲು ಮಾರುವವರಿಗೆ ಹೇಳಲಿ. ಒಂದೇ ಮೈಕಿನ ಹಳೆಯ ಮೋನೋ ಹಾಡು ಹಾಕಿ, ಬ್ಯಾಲೆನ್ಸ್ ತಿರುಗಿಸಿ ಎಡ ಬಲ ಒಂದೊಂದಾಗಿ ಕೇಳಲಿ. ಒಂದು ಕಡೆ ಮಂಕಾಗಿದ್ದರೆ ಆ ಪ್ಯಾನೆಲ್ ಮುದಿಯಾಗಿದೆ. ಹದಿನೈದು ಇಪ್ಪತ್ತು ವರ್ಷ ಕಳೆದವುಗಳಲ್ಲಿ ಇದು ಮಾಮೂಲು. ಆ ಮಾಡೆಲ್‌ಗೆ ಹೊಸ ಪ್ಯಾನೆಲ್ ಇನ್ನೂ ಸಿಗುತ್ತದೆಯೇ ಅಂತ ಕಂಪನಿಗೆ ಬರೆದು ಕೇಳಿ. ಸಿಗುವುದಿಲ್ಲ ಅಂದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ. ಕಂಟೇನರಿನಲ್ಲಿ ನಿಲ್ಲಿಸಿಯೇ ತರಬೇಕು, ಮೇಲೆ ಏನೂ ಹೇರಬಾರದು. ಮೂಲ ಪೆಟ್ಟಿಗೆ ಇಲ್ಲದಿದ್ದರೆ ಪ್ಲೈವುಡ್ ಪೆಟ್ಟಿಗೆ ಮಾಡಿಸಲಿ.

ಬಂದ ಮೇಲೆ ಹಳೆಯ ಸ್ಪೀಕರನ್ನು ಆರು ತಿಂಗಳು ಮಾರಬೇಡಿ. ಒಂದು ಮಳೆಗಾಲ ಕಳೆಯಲಿ. ಸದ್ಯಕ್ಕೆ ಥರ್ಮಾಕೋಲ್ ತನ್ನಿ. ಹದಿನೈದು ದಿನ ಆದ ಮೇಲೆ ಅದು ಎಲ್ಲಿದೆ ಅಂತ ಬರೆಯಿರಿ. ಆಂಪಿನ ಹೆಸರನ್ನೂ ಬರೆಯಿರಿ, ಪ್ರಶ್ನೆಯಲ್ಲಿ ಅದೇ ಬಿಟ್ಟುಹೋಗಿದೆ.